ಗಂಜಿ ಕಲಕುವ ಸೌಟು

ಅಂಕೋಲೆ ಬಸ್‌ಸ್ಟ್ಯಾಂಡಿನ ಪಕ್ಕದ ಚಹಾದಂಗಡಿ. ಹೊರಗೆ ಮಳೆ ಹಿಡಿದು ಹೊಯ್ಯುತ್ತಿತ್ತು, ಕಾರವಾರದ ಬಸ್ಸು ಬಂದಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಪೇಪರಿನಲ್ಲಿ ಮುಖ ಹುದುಗಿಸಿ ಗಟ್ಟಿಯಾಗಿಯೇ ಓದಿದರು. ನಮ್ಮ ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲವಂತೆ. ಓದಿ ಮುಗಿಸಿ ಪೇಪರು ಮಡಚಿ ತೊಡೆಯ ಮೇಲಿಟ್ಟರು.

"ನಮ್ಮನಿಗೆ ಯಾರೂ ಬರ್ಲೇ ಇಲ್ವಲ್ಲೋ ಮಾರಾಯ. ನಿಮ್ಮನಿಗೆ ಬಂದಿದ್ರನೋ? ಮತ್ತೆ ಇವ್ರಿಗೆ ಹ್ಯಾಂಗೆ ಗೊತ್ತಾಯ್ತು?"

ಚಹಾ ಸೋಸುತ್ತಿದ್ದವನ ಮನೆಗೂ ಯಾರೂ ಬಂದಿರಲಿಲ್ಲ. ನನ್ನ ಮನೆಗೂ ಬಂದಿರಲಿಲ್ಲ. ಹಾಗಾದರೆ ಪೇಪರಿನವರು ಸುಳ್ಳು ಬರೆದರೇ? ಅದೂ ಇರಲಾರದು. ಹಿರಿಯರೇ ಮುಂದಿನ ಮಾತಿನಲ್ಲಿ ತಮ್ಮ ಮೊಮ್ಮಗನ ಸುದ್ದಿ ತೆಗೆದರು. ಹುಡುಗ ದಿನಾ ಶಾಲೆಗೆ ಹೋಗುತ್ತಾನೆ, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಒಂದೂ ಗೈರು ಇಲ್ಲ. ಆದರೆ ಮನೆಗೆ ಬಂದ ಲಗ್ನಪತ್ರಿಕೆ ಕೈಗೆ ಕೊಟ್ಟರೆ ಚಿತ್ರ ನೋಡಿ ವಾಪಸು ಕೊಡುತ್ತಾನೆ.

ಅಂದರೆ ಅಜ್ಜನಿಗೆ ವಿಷಯ ಗೊತ್ತಿತ್ತು. ಗೊತ್ತಿಲ್ಲದ್ದು ಇಷ್ಟೇ: ತನ್ನ ಮನೆಯಲ್ಲಿ ಮಾತ್ರ ಹೀಗೋ, ಊರಿಗೆಲ್ಲ ಹೀಗೋ? ಸಮಾಜವನ್ನು ಅಳೆಯುವ ವಿಜ್ಞಾನ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಅದರ ಉತ್ತರ ನಮ್ಮ ಕರಾವಳಿಯ ಪ್ರತಿ ಅಡುಗೆಮನೆಯಲ್ಲೂ ಬೆಳಗಾದರೆ ಕುದಿಯುತ್ತದೆ.

ಒಂದು ಅಗುಳು ಸಾಕು, ಆದರೆ

ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಯ ಅನ್ನವನ್ನೆಲ್ಲ ಯಾರೂ ಹಿಚುಕುವುದಿಲ್ಲ. ಒಂದು ಅಗುಳು ತೆಗೆದು ಬೆರಳ ನಡುವೆ ಒತ್ತಿದರೆ ಆಯಿತು. ಈ ಗಾದೆಮಾತಿನ ಮೇಲೆ ನಮಗೆ ಎಷ್ಟು ನಂಬಿಕೆ ಎಂದರೆ ಒಬ್ಬ ಅಳಿಯನನ್ನು ನೋಡಿ ಇಡೀ ಮನೆತನಕ್ಕೆ ತೀರ್ಪು ಕೊಟ್ಟುಬಿಡುತ್ತೇವೆ.

ಆದರೆ ಗಂಜಿಯ ಪಾತ್ರೆಗೆ ಬನ್ನಿ. ಕುಚ್ಚಲಕ್ಕಿಯ ಗಂಜಿ ಇಳಿಸಿ ಹತ್ತು ನಿಮಿಷ ಬಿಟ್ಟರೆ ಮೇಲೆ ತಿಳಿ, ತಳದಲ್ಲಿ ಅಗುಳು. ಮೇಲಿಂದ ಒಂದು ಸೌಟು ಬಗ್ಗಿಸಿಕೊಂಡವನು "ಇದರಲ್ಲಿ ಬರೀ ನೀರು" ಎನ್ನುತ್ತಾನೆ. ಕೊನೆಯ ಪಂಕ್ತಿಗೆ ಕೂತವನು "ಇದು ಅನ್ನವೇ" ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ತಪ್ಪು ಹೇಳುತ್ತಿದ್ದಾರೆ. ಅಮ್ಮ ಏನು ಮಾಡುತ್ತಾಳೆ? ಸೌಟನ್ನು ತಳಕ್ಕೆ ಇಳಿಸಿ ಒಮ್ಮೆ ಸರಿಯಾಗಿ ಕಲಕಿ ಆಮೇಲೆ ಬಡಿಸುತ್ತಾಳೆ. ಒಂದು ಸೌಟು ಇಡೀ ಪಾತ್ರೆಯ ಪರವಾಗಿ ಮಾತಾಡುವ ಯೋಗ್ಯತೆ ಪಡೆಯುವುದು ಕಲಕಿದ ಮೇಲೆ ಮಾತ್ರ.

ಕಲಕದ ಪಾತ್ರೆಯಿಂದ ಎಷ್ಟು ದೊಡ್ಡ ಸೌಟು ಎತ್ತಿದರೂ ದಂಡ. ಇದನ್ನು ಜಗತ್ತಿಗೆ ಕಲಿಸಿದ್ದು ಅಮೆರಿಕದ 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆ. 1936ರ ಅಧ್ಯಕ್ಷ ಚುನಾವಣೆಗೆ ಮುನ್ನ ಅದು ಸುಮಾರು ಒಂದು ಕೋಟಿ ಜನಕ್ಕೆ ಕಾಗದ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರಿ ಅಂತರದಿಂದ. ಪತ್ರಿಕೆ ವಿಳಾಸಗಳನ್ನು ತೆಗೆದುಕೊಂಡದ್ದು ಟೆಲಿಫೋನ್ ಪುಸ್ತಕದಿಂದ, ಕಾರು ಇದ್ದವರ ಪಟ್ಟಿಯಿಂದ. ಆ ಬಡತನದ ಕಾಲದಲ್ಲಿ ಫೋನು, ಕಾರು ಇದ್ದವರು ಪಾತ್ರೆಯ ಮೇಲಿನ ತಿಳಿ. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಎಂಬಾತ ಸುಮಾರು 50 ಸಾವಿರ ಜನರನ್ನಷ್ಟೇ ಕೇಳಿ ಗೆಲ್ಲುವವರ ಹೆಸರು ಸರಿಯಾಗಿ ಹೇಳಿದ.

ನಮ್ಮಲ್ಲೂ ಶಾಲೆ ತಪಾಸಣೆಗೆ ಸಾಹೇಬರು ಬಂದ ದಿನ ನೆನಪು ಮಾಡಿಕೊಳ್ಳಿ. ಮೊದಲ ಬೆಂಚಿನ ಹುಡುಗಿ ಎದ್ದು ನಿಂತು ಪದ್ಯವನ್ನು ಗಿಳಿಯ ಹಾಗೆ ಒಪ್ಪಿಸುತ್ತಾಳೆ, ಸಾಹೇಬರು ಸಂತೋಷಪಟ್ಟು ಸಹಿ ಹಾಕಿ ಹೋಗುತ್ತಾರೆ. ಮೇ ತಿಂಗಳಲ್ಲಿ ಅಂಕೋಲೆಯ ಪೇಟೆಯಲ್ಲಿ ಕರಿ ಇಶಾಡ ಮಾವು ಕೊಳ್ಳುವವರು ಯಾರೂ ಈ ಸಾಹೇಬರಷ್ಟು ಸಾಧುಗಳಲ್ಲ. ಬುಟ್ಟಿಯ ಮೇಲಿನ ಸಾಲು ಎಷ್ಟೇ ಚೆನ್ನಾಗಿ ಹೊಳೆಯಲಿ, ಕೈ ತಳಕ್ಕೆ ಹೋಗದೆ ರೇಟು ಕೇಳುವುದಿಲ್ಲ.

ಬೈತಖೋಲದ ಮೀನು ಎಣಿಸುವವರು

ಪಾತ್ರೆ ದೊಡ್ಡದಾದರೆ ಸೌಟೂ ದೊಡ್ಡದಾಗಬೇಡವೇ? ಹದಿನಾಲ್ಕು ಲಕ್ಷ ಜನರ ಜಿಲ್ಲೆಗೆ ಒಂದು ಲೆಕ್ಕ, ನೂರಾ ನಲವತ್ತು ಕೋಟಿಯ ದೇಶಕ್ಕೆ ಒಂದು ಲೆಕ್ಕ ಇರಬೇಕಲ್ಲ? ಬುದ್ಧಿ ಹಾಗೇ ಹೇಳುತ್ತದೆ. ನಾಲಿಗೆ ಬೇರೆ ಹೇಳುತ್ತದೆ. ನಾಲ್ಕು ಜನರ ಮನೆಯ ಸಾರಿಗೆ ಉಪ್ಪು ನೋಡುವುದೂ ಅಂಗೈಯಲ್ಲಿ ಒಂದು ಹನಿ ಹಾಕಿಕೊಂಡೇ, ಸಾವಿರ ಜನರ ಮದುವೆಯ ಹಂಡೆಯ ಉಪ್ಪು ನೋಡುವುದೂ ಅದೇ ಒಂದು ಹನಿಯಲ್ಲೇ. ಅಡುಗೆ ಭಟ್ಟರು ಮದುವೆ ದೊಡ್ಡದೆಂದು ತಂಬಿಗೆ ತುಂಬ ಸಾರು ಕುಡಿದು ನೋಡುವುದಿಲ್ಲ. ಹಂಡೆ ಕಲಕಿದೆಯೇ ಎಂಬುದನ್ನಷ್ಟೇ ನೋಡುತ್ತಾರೆ.

ಕಾರವಾರದ ಬೈತಖೋಲ ಬಂದರಿನಲ್ಲಿ ಈ ವಿಜ್ಞಾನ ದಿನಬೆಳಗಿನ ಕೆಲಸ. 1947ರಲ್ಲಿ ಶುರುವಾದ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಗೆ ಕಾರವಾರದಲ್ಲೂ ಒಂದು ಕೇಂದ್ರವಿದೆ. ದೇಶದ ಕರಾವಳಿಯಲ್ಲಿ ವರ್ಷಕ್ಕೆ ಎಷ್ಟು ಬಂಗಡೆ ಬಂತು, ಎಷ್ಟು ತಾರ್ಲೆ ಬಂತು ಎಂದು ಲೆಕ್ಕ ಕೊಡುವವರು ಇವರೇ. ಪ್ರತಿ ದಿನ, ಪ್ರತಿ ಬಂದರಿನಲ್ಲಿ, ಪ್ರತಿ ದೋಣಿಯ ಬುಟ್ಟಿ ತೂಗಲು ಸಾಧ್ಯವೇ? ಅವರು ಹಾಗೆ ಮಾಡುವುದೂ ಇಲ್ಲ. ಕೆಲವು ಬಂದರು, ಅಲ್ಲಿ ತಿಂಗಳ ಕೆಲವು ದಿನ, ಆ ದಿನ ದಡ ಸೇರಿದ ದೋಣಿಗಳಲ್ಲಿ ಕೆಲವು. ಯಾವ ದಿನ, ಯಾವ ದೋಣಿ ಎಂಬುದನ್ನು ಮಾತ್ರ ಎಣಿಸುವವನ ಇಷ್ಟಕ್ಕೆ ಬಿಡುವುದಿಲ್ಲ. ಬಿಟ್ಟರೆ ಅವನು ಮಳೆಯಿಲ್ಲದ ದಿನ, ಪರಿಚಯದ ತಾಂಡೇಲನ ದೋಣಿಯ ಹತ್ತಿರ ನಿಂತುಕೊಳ್ಳುತ್ತಾನೆ. ತಪ್ಪೇನಿಲ್ಲ, ನಾನಾದರೂ ಅಲ್ಲೇ ನಿಲ್ಲುತ್ತಿದ್ದೆ. ಅದಕ್ಕೇ ಆಯ್ಕೆಯನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ.

ಚೀಟಿ ಎತ್ತುವುದೇ ಇಲ್ಲಿ ಸೌಟಿನಿಂದ ಕಲಕುವ ಕೆಲಸ. ಪುಸ್ತಕಗಳಲ್ಲಿ ಇದಕ್ಕೆ 'ಯಾದೃಚ್ಛಿಕ ಆಯ್ಕೆ' ಎಂಬ ಹಲ್ಲಿಗೆ ಸಿಕ್ಕದ ಹೆಸರಿದೆ, ನಾವು 'ಚೀಟಿ ಆಯ್ಕೆ' ಎನ್ನೋಣ. ಚೀಟಿಗೆ ಕಣ್ಣಿಲ್ಲ. ಅದು ಜಾತಿ ನೋಡುವುದಿಲ್ಲ, ಮನೆಯ ಮುಂದೆ ರಸ್ತೆ ಇದೆಯೇ ನೋಡುವುದಿಲ್ಲ, ನಾಯಿ ಕಟ್ಟಿದ್ದಾರೆಯೇ ಎಂದೂ ನೋಡುವುದಿಲ್ಲ.

ಎಷ್ಟು ಚೀಟಿ ಎತ್ತಬೇಕು? ನಾಣ್ಯ ಚಿಮ್ಮಿ ನೋಡಿ. ಹತ್ತು ಸಲ ಚಿಮ್ಮಿ ಏಳು ಸಲ ರಾಜನ ಮುಖ ಬಿದ್ದರೆ ಆಶ್ಚರ್ಯವಿಲ್ಲ. ಸಾವಿರ ಸಲ ಚಿಮ್ಮಿ ಏಳುನೂರು ಸಲ ಅದೇ ಬಿದ್ದರೆ ನಾಣ್ಯದಲ್ಲೇ ಏನೋ ಮೋಸವಿದೆ. ಸಂಖ್ಯೆ ಬೆಳೆದ ಹಾಗೆ ಅದೃಷ್ಟದ ಆಟ ಸಣ್ಣದಾಗುತ್ತದೆ. ಚೀಟಿ ಎತ್ತಿ ಸುಮಾರು 600 ಮನೆ ಕೇಳಿದರೆ ಸಿಗುವ ಉತ್ತರ ನಿಜಕ್ಕಿಂತ ನೂರಕ್ಕೆ ನಾಲ್ಕರಷ್ಟು ಆಚೀಚೆ ಇರಬಹುದು. ಅದನ್ನು ಎರಡಕ್ಕೆ ಇಳಿಸಬೇಕೆಂದರೆ 1200 ಮನೆ ಸಾಲದು, 2400 ಮನೆ ಬೇಕು. ತಪ್ಪು ಅರ್ಧವಾಗಲು ದುಡಿಮೆ ನಾಲ್ಕು ಪಟ್ಟು. ಸರ್ವೆ ಮಾಡುವವರು ಒಂದು ಹಂತದಲ್ಲಿ "ಇಷ್ಟು ಸಾಕು" ಎನ್ನುವುದು ಸೋಮಾರಿತನದಿಂದಲ್ಲ.

ಎಡಗಡೆಯ ಐದನೇ ಮನೆ

ಈಗ ಚಹಾದಂಗಡಿಯ ಪೇಪರಿಗೆ ಬರೋಣ. ಅದರಲ್ಲಿದ್ದ ಅಂಕಿ 'ಅಸರ್' ಎಂಬ ಸರ್ವೆಯದು. 'ಪ್ರಥಮ್' ಸಂಸ್ಥೆ 2005ರಲ್ಲಿ ಶುರುಮಾಡಿದ್ದು. 2022ರ ಸುತ್ತಿನಲ್ಲಿ 616 ಜಿಲ್ಲೆಗಳ 19,060 ಹಳ್ಳಿಗಳಿಗೆ ಹೋಗಿ ಸುಮಾರು 7 ಲಕ್ಷ ಮಕ್ಕಳನ್ನು ಕಂಡಿತು. ಒಂದು ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ.

ಹಳ್ಳಿಯ ಚೀಟಿ ಜನಗಣತಿಯ ಪಟ್ಟಿಯಿಂದ ಮೊದಲೇ ಎತ್ತಿರುತ್ತಾರೆ. ಹಳ್ಳಿಗೆ ಬರುವವರು ಇಬ್ಬರು, ಹೆಚ್ಚಾಗಿ ಅದೇ ಸೀಮೆಯ ಕಾಲೇಜಿನ ಹುಡುಗ ಹುಡುಗಿಯರು. ಮೊದಲು ಊರೆಲ್ಲ ಸುತ್ತಿ ನಕ್ಷೆ ಬರೆದುಕೊಳ್ಳುತ್ತಾರೆ. ನಕ್ಷೆಯನ್ನು ನಾಲ್ಕು ಪಾಲು ಮಾಡುತ್ತಾರೆ. ಪ್ರತಿ ಪಾಲಿನ ನಡುವಿನಿಂದ ಹೊರಟು ಎಡಗಡೆಯ ಐದನೇ ಮನೆ, ಆಮೇಲೆ ಮತ್ತೆ ಐದನೆಯದು, ಹೀಗೆ ಐದು ಮನೆ. ನಾಲ್ಕು ಪಾಲಿಗೆ ಇಪ್ಪತ್ತಾಯಿತು. ಶನಿವಾರ, ಭಾನುವಾರ ಮನೆಗೇ ಹೋಗುತ್ತಾರೆ.

ಶಾಲೆ ಬಿಟ್ಟು ಮನೆಗೇ ಏಕೆ? ಶಾಲೆಗೆ ಹೋದರೆ ಸಿಗುವುದು ಶಾಲೆಗೆ ಬಂದ ಮಕ್ಕಳು ಮಾತ್ರ. ಜ್ವರದ ಹುಡುಗಿ, ತಂಗಿಯನ್ನು ನೋಡಿಕೊಳ್ಳುವ ಅಕ್ಕ, ಖಾಸಗಿ ಶಾಲೆಯ ವ್ಯಾನ್ ಹತ್ತಿದವ, ಶಾಲೆಯನ್ನೇ ಬಿಟ್ಟವ, ಯಾರೂ ಅಲ್ಲಿಲ್ಲ. ಹಾಜರಿ ಪುಸ್ತಕ ಎಂದರೆ ಪಾತ್ರೆಯ ಮೇಲಿನ ತಿಳಿ.

ನಾನು ಒಂದು ಭಾನುವಾರ ಇಂಥ ಜೋಡಿಯೊಂದರ ಹಿಂದೆ ಹೋಗಿದ್ದೆ. ಜಗಲಿಯ ಮೇಲೆ ಒಣಮೀನಿನ ಚೀಲ, ಅದರ ಪಕ್ಕ ಒಂಬತ್ತು ವರ್ಷದ ಹುಡುಗ. ಸರ್ವೆಯ ಹುಡುಗಿ ಒಂದೇ ಒಂದು ಹಾಳೆ ಚಾಚಿದಳು. ಅದರಲ್ಲಿ ಬಿಡಿ ಅಕ್ಷರಗಳು, ಸಣ್ಣ ಪದಗಳು, ಒಂದನೇ ತರಗತಿಯ ನಾಲ್ಕು ಸಾಲು, ಎರಡನೇ ತರಗತಿಯ ಒಂದು ಪುಟ್ಟ ಕಥೆ. ಹುಡುಗ ನಾಲ್ಕು ಸಾಲಿನ ಮೊದಲ ಪದಕ್ಕೆ ಬೆರಳಿಟ್ಟ. ತುಟಿ ಅಲುಗಿತು, ದನಿ ಬರಲಿಲ್ಲ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ತಾಯಿ ಆ ಪದ ಹೇಳಿದಳು. ಅಂಗಳದಲ್ಲಿ ಸೈಕಲ್ ನಿಲ್ಲಿಸಿ ನಿಂತಿದ್ದ ಚಿಕ್ಕಪ್ಪ ಮುಂದಿನ ಪದ ಹೇಳಿದ. ಹುಡುಗ ಎರಡನ್ನೂ ಹೇಳಿ, ಗೆದ್ದ ಮುಖ ಮಾಡಿ ನಮ್ಮನ್ನು ನೋಡಿದ. ಹುಡುಗಿ ಹಾಳೆಯನ್ನು ನಗುತ್ತಲೇ ಬಿಡಿ ಪದಗಳ ಕಡೆ ತಿರುಗಿಸಿದಳು. ಅಲ್ಲೂ ತಡವರಿಕೆ. ಅಕ್ಷರಗಳಿಗೆ ಬಂದಾಗ ಮಾತ್ರ ಹುಡುಗ ಪಟಪಟನೆ ಓದಿದ. ಅವಳು 'ಅಕ್ಷರ' ಎಂಬಲ್ಲಿ ಒಂದು ಗೆರೆ ಎಳೆದಳು. ಆ ಗೆರೆಯೇ ಪೇಪರಿಗೆ ಬಂದ ಅಂಕಿಯ ಒಂದು ಅಗುಳು.

2022ರಲ್ಲಿ ಇಂಥ ಗೆರೆಗಳೆಲ್ಲ ಕೂಡಿ ಹೇಳಿದ್ದು ಇದು: ಗ್ರಾಮೀಣ ಭಾರತದಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ನೂರಕ್ಕೆ 98.4 ಮಂದಿಯ ಹೆಸರು ಶಾಲೆಯಲ್ಲಿದೆ. ಐದನೇ ತರಗತಿಯವರಲ್ಲಿ ಎರಡನೇ ತರಗತಿಯ ಕಥೆ ಓದಬಲ್ಲವರು ನೂರಕ್ಕೆ 42.8. ಕೊರೊನಾಕ್ಕೆ ಮುಂಚೆ, 2018ರಲ್ಲಿ, ಅದು 50.5 ಇತ್ತು. ಹೆಸರು ಶಾಲೆಯಲ್ಲಿ, ಅಕ್ಷರ ಹೊರಗೆ. ಲಗ್ನಪತ್ರಿಕೆಯ ಅಜ್ಜ ಒಂಟಿಯಲ್ಲ.

ಇಷ್ಟು ಹೊಗಳಿದ ಮೇಲೆ ಸೌಟಿನ ತೂತುಗಳನ್ನೂ ತೋರಿಸಬೇಕು. ಉತ್ತರ ಕನ್ನಡದಲ್ಲಿ 12 ತಾಲೂಕುಗಳಿವೆ. 30 ಹಳ್ಳಿಯನ್ನು ಹಂಚಿದರೆ ಅಂಕೋಲೆಗೆ ಎರಡೋ ಮೂರೋ. ಆ ಮೂರರಲ್ಲಿ ಬೇಲೇಕೇರಿ ಬಂದು ಹಿಲ್ಲೂರು ಬಿಟ್ಟುಹೋದರೆ ಕಡಲ ಬದಿಯ ಅಂಕೋಲೆ ಗೊತ್ತಾಯಿತು, ಕಾಡಿನ ಅಂಕೋಲೆ ಗೊತ್ತಾಗಲಿಲ್ಲ. ಇಪ್ಪತ್ತು ಮನೆಗಳಲ್ಲಿ ಐದನೇ ತರಗತಿಯ ಮಕ್ಕಳು ಎಷ್ಟಿದ್ದಾರು? ಇಬ್ಬರೋ ಮೂವರೋ. ಅವರೂ ಒಂದೇ ಶಾಲೆಯವರು, ಒಬ್ಬರೇ ಮಾಸ್ತರರ ಕೈಯಲ್ಲಿ ಕಲಿತವರು, ಹೆಚ್ಚೂಕಡಿಮೆ ಒಂದೇ ಅಗುಳನ್ನು ಮೂರು ಸಲ ಹಿಚುಕಿದ ಹಾಗೆ. ಆದ್ದರಿಂದ ಈ ಸರ್ವೆ ರಾಜ್ಯದ ಬಗ್ಗೆ ಗಟ್ಟಿ ದನಿಯಲ್ಲಿ, ಜಿಲ್ಲೆಯ ಬಗ್ಗೆ ಮೆಲುದನಿಯಲ್ಲಿ ಮಾತಾಡಬಹುದು. ತಾಲೂಕಿನ ಬಗ್ಗೆ ಬಾಯಿ ತೆರೆಯಬಾರದು. "ಕಾರವಾರಕ್ಕಿಂತ ಅಂಕೋಲೆ ಮುಂದೆ" ಎಂದು ಯಾರಾದರೂ ಇದನ್ನು ಹಿಡಿದು ಭಾಷಣ ಮಾಡಿದರೆ ಎದ್ದು ಹೊರಗೆ ಹೋಗಬಹುದು.

ಇನ್ನೊಂದು ತೂತು ಕಾರವಾರದವರಿಗೆ ಮಾತ್ರ ಥಟ್ಟನೆ ಹೊಳೆಯುತ್ತದೆ. ಮಾಜಾಳಿ, ಸದಾಶಿವಗಡದ ಕಡೆ ಎಷ್ಟೋ ಮನೆಗಳಲ್ಲಿ ಮಾತು ಕೊಂಕಣಿ. ಮನೆಯಲ್ಲಿ 'ಉದಾಕ್' ಕುಡಿದು ಬೆಳೆದ ಮಗು ಶಾಲೆಯಲ್ಲಿ 'ನೀರು' ಎಂದು ಓದಬೇಕು. ಅದು ತಡವರಿಸಿದರೆ ಅಕ್ಷರ ಬಾರದೆಯೋ, ಭಾಷೆ ಬಾರದೆಯೋ? ಹಾಳೆಗೆ ಆ ವ್ಯತ್ಯಾಸ ಗೊತ್ತಿಲ್ಲ. ಮನೆಗೆ ಬಂದವರಿಗೆ ಗೊತ್ತಿರಬೇಕು.

ಪಕ್ಕದಲ್ಲಿ ಇನ್ನೊಂದು ಪಾತ್ರೆ

ರೋಗ ಗೊತ್ತಾಯಿತು, ಮದ್ದು ಯಾವುದು? ಇಲ್ಲಿ ಮನುಷ್ಯರು ಇನ್ನೂ ಸುಲಭವಾಗಿ ಮೋಸಹೋಗುತ್ತಾರೆ. ಶಾಲೆಗೆ ಹೊಸ ಪುಸ್ತಕ ಕೊಟ್ಟೆವು, ವರ್ಷ ಬಿಟ್ಟು ನೋಡಿದರೆ ಮಕ್ಕಳು ಚೆನ್ನಾಗಿ ಓದುತ್ತಿದ್ದಾರೆ. ಪುಸ್ತಕದಿಂದಲೇ ಎಂದು ಹೇಗೆ ಹೇಳುವುದು? ವರ್ಷದಲ್ಲಿ ಮಕ್ಕಳಿಗೆ ವಯಸ್ಸೂ ಒಂದು ವರ್ಷ ಹೆಚ್ಚಾಗಿದೆ. ಏನೂ ಕೊಡದಿದ್ದರೂ ಅಷ್ಟಿಷ್ಟು ಕಲಿಯುತ್ತಿದ್ದರು. ಅಂಗಳದ ತೆಂಗಿನ ಸಸಿಗೆ ದಿನಾ ಮಂತ್ರ ಹೇಳಿದರೂ ಅದು ಬೆಳೆಯುತ್ತದೆ, ಹೇಳದಿದ್ದರೂ ಬೆಳೆಯುತ್ತದೆ. ಮಂತ್ರದ ಶಕ್ತಿ ತಿಳಿಯಬೇಕಾದರೆ ಮಂತ್ರ ಕೇಳದ ಸಸಿಯೊಂದು ಪಕ್ಕದಲ್ಲಿರಬೇಕು.

ಮೊದಲಿನ ಅಳತೆಯೂ ಇರಬೇಕು. ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಶುರುವಾಗುವ ಎಷ್ಟೋ ಮುಂಚೆಯೇ ಸುತ್ತಲಿನ ಮಣ್ಣು, ನೀರು, ಗಾಳಿಯಲ್ಲಿ ನೈಸರ್ಗಿಕವಾಗಿ ಎಷ್ಟು ವಿಕಿರಣವಿದೆ ಎಂದು ಅಳೆಯುವ ಪ್ರಯೋಗಾಲಯ ಶುರುವಾಗಿತ್ತು. ನಾಳೆ ಹೆಚ್ಚಾಯಿತೇ ಎಂದು ಕೇಳಿದರೆ ನಿನ್ನೆ ಎಷ್ಟಿತ್ತು ಎಂದು ಗೊತ್ತಿರಬೇಕಲ್ಲ. ಮಣ್ಣಿಗೆ ಸಿಕ್ಕ ಈ ಮರ್ಯಾದೆ ಮಕ್ಕಳಿಗಾಗಿ ಹಾಕುವ ಯೋಜನೆಗಳಲ್ಲಿ ಎಷ್ಟಕ್ಕೆ ಸಿಗುತ್ತದೆ?

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಿ. 2021ರ ಡಿಸೆಂಬರಿನಿಂದ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದರು. ಬೇಡವೆಂದವರಿಗೆ ಬಾಳೆಹಣ್ಣು. ಪರ ವಿರೋಧದ ಗಲಾಟೆ ಎಲ್ಲರಿಗೂ ನೆನಪಿದೆ. ಆ ಗಲಾಟೆಯ ನಡುವೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಸದ್ದಿಲ್ಲದೆ ತಕ್ಕಡಿ ಹಿಡಿದು ಹೊರಟರು. ಮೊಟ್ಟೆ ಸಿಗುವ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ತೂಗಿದರು, ತಿಂಗಳುಗಳ ಬಳಿಕ ಮತ್ತೆ ತೂಗಿದರು. ಮೊಟ್ಟೆ ತಿಂದವರು ಹೆಚ್ಚು ತೂಕ ಏರಿಸಿಕೊಂಡಿದ್ದರು. ದೊಡ್ಡ ತರಗತಿಯ ಹೆಣ್ಣುಮಕ್ಕಳಲ್ಲಿ ವ್ಯತ್ಯಾಸ ಎದ್ದು ಕಂಡಿತು. 2022ರಲ್ಲಿ ಯೋಜನೆ ಎಲ್ಲ ಜಿಲ್ಲೆಗಳಿಗೂ ಬಂತು. ಕಾರವಾರ, ಅಂಕೋಲೆಯ ಮಕ್ಕಳ ತಟ್ಟೆಗೆ ಮೊಟ್ಟೆ ಬಂದದ್ದು ಹೀಗೆ. ಮೀನು ತಿನ್ನುವ ಊರಿಗೆ ಮೊಟ್ಟೆ ಏನು ಮಹಾ ಎನ್ನಬೇಡಿ. ಮಳೆಗಾಲದಲ್ಲಿ ಜೂನ್, ಜುಲೈ ಎರಡು ತಿಂಗಳು ಯಂತ್ರದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಮೀನಿನ ರೇಟು ಕೇಳಿದವರಿಗೆ ಗೊತ್ತು.

ಆದರೂ ಒಂದು ಕೊಂಕು ತೆಗೆಯಬಹುದು. ಯಾದಗಿರಿಯೇ ಬೇರೆ, ಗದಗವೇ ಬೇರೆ. ತೂಕ ಏರಿದ್ದಕ್ಕೆ ಮೊಟ್ಟೆಯಲ್ಲದೆ ಇನ್ನೇನಾದರೂ ಕಾರಣ ಇರಬಹುದಲ್ಲ? ಈ ಸಂಶಯದ ಹುಟ್ಟಡಗಿಸುವುದಕ್ಕೂ ಅದೇ ಚೀಟಿಯೇ ಬರಬೇಕು.

ಚೀಟಿಯ ಎರಡನೇ ಕೆಲಸ

ಗಣೇಶನ ಹಬ್ಬಕ್ಕೆ ಊರಿನ ಹುಡುಗರು ಕ್ರಿಕೆಟ್ ಟೀಮು ಕಟ್ಟುವುದನ್ನು ನೋಡಿದ್ದೀರಿ. ಇಬ್ಬರು ಕ್ಯಾಪ್ಟನ್ನರು ಕಣ್ಣಳತೆಯಲ್ಲಿ ಆರಿಸಿದರೆ ಒಂದು ಕಡೆ ಬ್ಯಾಟು ಬೀಸುವವರೆಲ್ಲ, ಇನ್ನೊಂದು ಕಡೆ ಕ್ಯಾಪ್ಟನ್ನನ ಅತ್ತೆಯ ಮಕ್ಕಳೆಲ್ಲ. ನೂರು ಹುಡುಗರನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ ನೋಡಿ. ಚುರುಕಿನವರು, ಮಂಕಾದವರು, ಹೊಟ್ಟೆ ತುಂಬ ಉಂಡು ಬಂದವರು, ರಾತ್ರಿ ಅಪ್ಪನ ಕುಡಿತದ ಜಗಳಕ್ಕೆ ನಿದ್ದೆಗೆಟ್ಟವರು, ಎಲ್ಲರೂ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿ ಬೀಳುತ್ತಾರೆ. ಸೋಜಿಗವೆಂದರೆ, ನಾವು ಕೇಳಲು ಮರೆತ ಸಂಗತಿಗಳೂ ಸಮವಾಗಿ ಬೀಳುತ್ತವೆ. ಈಗ ಒಂದು ಪಾಲಿಗೆ ಮಾತ್ರ ಮದ್ದು ಕೊಟ್ಟರೆ, ಕೊನೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಮದ್ದಿನ ಹೊರತು ಬೇರೆ ವಾರಸುದಾರರಿಲ್ಲ.

ಯಾರನ್ನು ಕೇಳಬೇಕು ಎಂದು ಆರಿಸಿದ ಚೀಟಿಯೇ ಯಾರಿಗೆ ಮೊದಲು ಕೊಡಬೇಕು ಎಂಬುದನ್ನೂ ಆರಿಸುತ್ತದೆ. ಪಾತ್ರೆಯನ್ನು ಕಲಕಿ ಎರಡು ಬಟ್ಟಲಿಗೆ ಬಡಿಸಿದ ಹಾಗೆ, ಎರಡರಲ್ಲೂ ಒಂದೇ ಗಂಜಿ. ಒಂದಕ್ಕೆ ಉಪ್ಪು ಹಾಕಿ, ರುಚಿ ನೋಡಿ.

"ಮಕ್ಕಳ ಮೇಲೆ ಪ್ರಯೋಗವೇ? ಉಳಿದವರು ಏನು ಪಾಪ ಮಾಡಿದ್ದರು?" ಎಂದು ಕೇಳಿದರೆ ಆ ಸಿಟ್ಟು ನ್ಯಾಯವಾದದ್ದೇ. ಅದಕ್ಕೆ ವಡೋದರಾದಲ್ಲಿ ಒಂದು ಜಾಣ ಉಪಾಯ ಹೂಡಿದ್ದರು. ಅಲ್ಲಿ ಮತ್ತು ಮುಂಬೈಯಲ್ಲಿ 2001ರಿಂದ ಅಳೆದು ನೋಡಿದ 'ಬಾಲಸಖಿ' ಕಾರ್ಯಕ್ರಮದಲ್ಲಿ, ಅದೇ ಬಡಾವಣೆಯ ಓದಿದ ಹುಡುಗಿಯೊಬ್ಬಳು ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆ ಕೂರಿಸಿಕೊಂಡು, ಅವರಿಗೆ ಬರುವಲ್ಲಿಂದ ಕಲಿಸುತ್ತಿದ್ದಳು. ವಡೋದರಾದಲ್ಲಿ ಚೀಟಿ ಎತ್ತಿ ಶಾಲೆಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಮೂರನೇ ತರಗತಿಯಲ್ಲಿ ಬಾಲಸಖಿ, ಇನ್ನೊಂದಕ್ಕೆ ನಾಲ್ಕರಲ್ಲಿ. ಮರುವರ್ಷ ಅದಲುಬದಲು. ಬರಿಗೈಯಲ್ಲಿ ಉಳಿದ ಶಾಲೆ ಇಲ್ಲ, ಆದರೂ ಪ್ರತಿ ತರಗತಿಗೆ ಹೋಲಿಸಲು ಇನ್ನೊಂದು ಪಾತ್ರೆ ಇದೆ. ಬಾಲಸಖಿ ಸಿಕ್ಕ ತರಗತಿಗಳ ಅಂಕ ಏರಿತು, ಎರಡನೇ ವರ್ಷ ಇನ್ನೂ ಹೆಚ್ಚು. ಹೆಚ್ಚು ಲಾಭವಾದದ್ದು ತೀರ ಹಿಂದಿದ್ದವರಿಗೆ. ಕಾರ್ಯಕ್ರಮ ಮುಗಿದು ವರ್ಷವಾದ ಮೇಲೆ ಅಳೆದಾಗ ಲಾಭ ಕರಗಿತ್ತು, ಪೂರ್ತಿ ಹೋಗಿರಲಿಲ್ಲ. ಇದನ್ನೂ ಸಂಶೋಧಕರು ಮುಚ್ಚಿಡಲಿಲ್ಲ.

ಅದೇ ವಿಧಾನದಲ್ಲಿ ಕೀನ್ಯಾದ ಹಳ್ಳಿಶಾಲೆಗಳಿಗೆ ಪಠ್ಯಪುಸ್ತಕ ಹಂಚಿ ನೋಡಿದ್ದರು. ಸರಾಸರಿ ಅಂಕ ಕದಲಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಪ್ರಯೋಜನವಾಯಿತು. ಕಾರಣ, ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಅಲ್ಲಿನ ಬಹಳಷ್ಟು ಮಕ್ಕಳಿಗೆ ಅದು ಮೂರನೇ ಭಾಷೆ. ಮಾಜಾಳಿಯ ಉದಾಕ್ ಮತ್ತೆ ನೆನಪಾಗುತ್ತದೆ. ಈ ಚೀಟಿಯ ದಾರಿಯನ್ನು ಬಡತನದ ಅಧ್ಯಯನಕ್ಕೆ ತಂದದ್ದಕ್ಕೇ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ವರದಿಯಿಂದ ಜಗಲಿಗೆ

ಅಳೆದು, ವರದಿ ಬರೆದು, ಊರವರನ್ನು ಕೂರಿಸಿ ಓದಿ ಹೇಳಿದರೆ ಊರು ತಾನಾಗಿ ಎಚ್ಚರಾಗುತ್ತದೆ ಎಂಬ ನಂಬಿಕೆ ನನಗೂ ಇತ್ತು. ಉತ್ತರಪ್ರದೇಶದ ಜೌನಪುರ ಜಿಲ್ಲೆಯ 280 ಹಳ್ಳಿಗಳ ಅಧ್ಯಯನ ಅದನ್ನು ಮುರಿಯಿತು. ಕೆಲವು ಹಳ್ಳಿಗಳಲ್ಲಿ ಸಭೆ ಸೇರಿಸಿ ಶಾಲೆಯ ಬಗ್ಗೆ ಮಾಹಿತಿ ಕೊಟ್ಟರು. ಕೆಲವೆಡೆ ಮಕ್ಕಳ ಓದನ್ನು ತಾವೇ ಅಳೆಯುವುದನ್ನು ಊರವರಿಗೆ ಕಲಿಸಿದರು. ಇಷ್ಟರಿಂದ ಮಕ್ಕಳ ಓದು ಮುಂದಕ್ಕೆ ಹೋಗಲಿಲ್ಲ. ಇನ್ನು ಕೆಲವು ಹಳ್ಳಿಗಳಲ್ಲಿ ಇದರ ಜೊತೆಗೆ ಊರಿನ ಯುವಕರಿಗೇ ಓದು ಕಲಿಸುವ ಸುಲಭ ದಾರಿ ಹೇಳಿಕೊಟ್ಟರು, ಅವರು ಸಂಜೆ ಮಕ್ಕಳನ್ನು ಸೇರಿಸಿ ಕಲಿಸಿದರು. ಅಲ್ಲಿಗೆ ಬಂದ ಮಕ್ಕಳು ಮಾತ್ರ ನಿಜಕ್ಕೂ ಓದತೊಡಗಿದರು.

ಇದನ್ನು ಓದಿದಾಗ ನನಗೆ ಅಂಕೋಲೆಯ ದಿನಕರ ದೇಸಾಯಿ ನೆನಪಾದರು. ನಮಗೆ ಅವರು ಚುಟುಕಗಳ ಕವಿ. ಆದರೆ 1909ರಲ್ಲಿ ಹುಟ್ಟಿದ ಈ ಮನುಷ್ಯ ಕಸುಬಿನಿಂದ ಸಮಾಜ ಸಂಶೋಧಕರೂ ಹೌದು. ಮುಂಬೈಯಲ್ಲಿ ಅವರು ಸೇರಿದ್ದು ಗೋಖಲೆ 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜ. ಅಲ್ಲಿನ ಕ್ರಮವೇ ಮೊದಲು ಅಧ್ಯಯನ, ಆಮೇಲೆ ಸೇವೆ. ಗೋಖಲೆಯವರೇ ಅಂಕಿಗಳನ್ನು ಹಿಡಿದು ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕಾಗಿ 1911ರಲ್ಲಿ ಮಸೂದೆ ತಂದು, ಮರುವರ್ಷ ಮತದಲ್ಲಿ ಸೋತಿದ್ದರು. ದೇಸಾಯಿ ಭಾರತದ ಪ್ರಾಥಮಿಕ ಶಿಕ್ಷಣದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಹಡಗಿನ ಕಾರ್ಮಿಕರ ಬಗ್ಗೆ ಇನ್ನೊಂದು ಬರೆದರು. ಬರೆದು ಮುಂಬೈಯಲ್ಲಿ ಕೂರಲಿಲ್ಲ. ಊರಿನ ಗೇಣಿದಾರರ ಪರ ನಿಂತು ಜಿಲ್ಲೆಯಿಂದಲೇ ಗಡಿಪಾರಾದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಉದ್ದಗಲಕ್ಕೆ ಪ್ರೌಢಶಾಲೆಗಳನ್ನು ತೆರೆದರು. ಗೋಖಲೆ ಹುಟ್ಟಿ ನೂರು ವರ್ಷವಾದ 1966ರಲ್ಲಿ ಅಂಕೋಲೆಗೆ ಗೋಖಲೆ ಶತಮಾನೋತ್ಸವ ಕಾಲೇಜು ಬಂತು. ಪುಸ್ತಕದಲ್ಲಿ ಅಂಕಿಯಾಗಿದ್ದ ಮಕ್ಕಳ ಮೊಮ್ಮಕ್ಕಳು ಇಂದು ಅಲ್ಲಿ ಡಿಗ್ರಿ ಓದುತ್ತಿದ್ದಾರೆ.

ಚಹಾದಂಗಡಿಯ ಅಜ್ಜನಿಗೆ ಅಂದು ಇಷ್ಟೆಲ್ಲ ಹೇಳಲು ಆಗಲಿಲ್ಲ, ಬಸ್ಸು ಬಂದುಬಿಟ್ಟಿತು. ಹೇಳಬೇಕೆಂದಿದ್ದ ಮಾತನ್ನು ಇಲ್ಲಿ ಓದುವವರಿಗೆ ಹೇಳುತ್ತೇನೆ. ಯಾವುದಾದರೂ ಭಾನುವಾರ ಒಂದು ಜೋಡಿ ಹಾಳೆ ಹಿಡಿದು ನಿಮ್ಮ ಜಗಲಿಗೆ ಬರಬಹುದು. ಚೀಟಿ ನಿಮ್ಮ ಊರಿಗೆ ಬಿದ್ದಿದೆ, ನಿಮ್ಮದು ಎಡಗಡೆಯ ಐದನೇ ಮನೆ. ಯಾರು, ಎಲ್ಲಿಂದ ಬಂದವರು, ಏಕೆ ಎಂದು ಮೊದಲು ಕೇಳಿ, ಕೇಳುವ ಹಕ್ಕು ನಿಮಗಿದೆ. ಸಮಾಧಾನವಾದರೆ ಒಂದು ಚೊಂಬು ನೀರು ಕೊಟ್ಟು ಮಗುವನ್ನು ಕರೆದು ಕೂರಿಸಿ. ಅದು ತಡವರಿಸಿದಾಗ ದಯವಿಟ್ಟು ಬಾಗಿಲ ಸಂದಿಯಿಂದ ಹೇಳಿಕೊಡಬೇಡಿ. ಬಿಟ್ಟುಹೋದ ನಾಲ್ಕು ಮನೆಯ ಮಕ್ಕಳ ಲೆಕ್ಕವೂ ಅದೇ ಹಾಳೆಯಲ್ಲಿದೆ.